ಹಾಡು ಹಂಚಿದರು, ಹಿಡಿತ ಬಿಡಲಿಲ್ಲ: ಆರ್ಕ್ಟಿಕ್ ಮಂಕೀಸ್ ನಡೆದು ಬಂದ ದಾರಿ

2006ರ ಜನವರಿ 23, ಸೋಮವಾರ. ಬ್ರಿಟನ್ನಿನ ಅಂಗಡಿಗಳಿಗೆ ಒಂದು ಹೊಸ ಆಲ್ಬಮ್ ಬಂತು. ಮುಖಪುಟದಲ್ಲಿ ಬ್ಯಾಂಡಿನವರ ಫೋಟೋ ಇಲ್ಲ. ಸಿಗರೇಟು ಎಳೆಯುತ್ತಾ, ನಿದ್ದೆಗೆಟ್ಟ ಮುಖದಲ್ಲಿ ನಿಮ್ಮನ್ನೇ ನೋಡುತ್ತಿರುವ ಒಬ್ಬ ಹುಡುಗ ಇದ್ದಾನೆ, ಅಷ್ಟೇ. ಮೊದಲ ದಿನವೇ 1,18,501 ಪ್ರತಿಗಳು ಖರ್ಚಾದವು. ವಾರ ಮುಗಿಯುವ ಹೊತ್ತಿಗೆ ಲೆಕ್ಕ 3,63,735ಕ್ಕೆ ಮುಟ್ಟಿತ್ತು. ಬ್ರಿಟನ್ನಿನಲ್ಲಿ ಯಾವ ಬ್ಯಾಂಡಿನ ಮೊದಲ ಆಲ್ಬಮ್ಮೂ ಅದಕ್ಕೆ ಮುಂಚೆ ಅಷ್ಟು ಬೇಗ ಮಾರಾಟವಾಗಿರಲಿಲ್ಲ. ಬ್ಯಾಂಡಿನ ಹೆಸರು ಆರ್ಕ್ಟಿಕ್ ಮಂಕೀಸ್. ಹಾಡುಗಾರ ಅಲೆಕ್ಸ್ ಟರ್ನರ್‌ಗೆ 20 ತುಂಬಿ ಎರಡು ವಾರವಾಗಿತ್ತು.

ಇದರಲ್ಲಿ ಒಂದು ಒಗಟು ಇದೆ. ಆ ಆಲ್ಬಮ್ಮಿನ ಅರ್ಧಕ್ಕಿಂತ ಜಾಸ್ತಿ ಹಾಡುಗಳು ಅಷ್ಟು ಹೊತ್ತಿಗೆ ಎಷ್ಟೋ ಜನರ ಕಂಪ್ಯೂಟರಿನಲ್ಲಿ ಆಗಲೇ ಇದ್ದವು. ಅದೂ ಪುಕ್ಕಟೆಯಾಗಿ. ಕದ್ದು ತಂದವಲ್ಲ, ಬ್ಯಾಂಡಿನವರೇ ಕೈಯಾರೆ ಕೊಟ್ಟಿದ್ದು. ಬಿಟ್ಟಿ ಸಿಕ್ಕಿದ್ದಕ್ಕೆ ಮತ್ತೆ ಯಾರಾದರೂ ದುಡ್ಡು ಕೊಡುತ್ತಾರಾ? ಇಂಟರ್‌ನೆಟ್ಟಿನಲ್ಲಿ ಹಾಡು ಹರಿದಾಡುವುದನ್ನು ಕಂಡು ಸಂಗೀತ ಕಂಪನಿಗಳೆಲ್ಲ ದಿಗಿಲು ಬಿದ್ದಿದ್ದ ಕಾಲ ಅದು. ಅಂಥ ಹೊತ್ತಲ್ಲಿ ಈ ಹುಡುಗರಿಗೆ ಎಲ್ಲ ಉಲ್ಟಾ ನಡೆಯಿತು.

ಇಂಟರ್‌ನೆಟ್ ಅವರನ್ನು ಬೆಳೆಸಿತು ಅಂತ ಒಂದೇ ಮಾತಲ್ಲಿ ಮುಗಿಸುವವರು ಬಹಳ ಜನ. ಅದು ಅರ್ಧ ಸತ್ಯ. ನನಗೆ ಕಾಣುವ ಹಾಗೆ, ಇವರು ಹಾಡನ್ನು ಕೈಬಿಟ್ಟರು, ಹಿಡಿತವನ್ನು ಬಿಡಲಿಲ್ಲ. ಈ ಒಂದು ಎಳೆ ಹಿಡಿದುಕೊಂಡರೆ ಅವರು ಮುಂದೆ ಇಟ್ಟ ಎಲ್ಲ ಹೆಜ್ಜೆಗಳೂ ಅರ್ಥವಾಗುತ್ತವೆ. ಅಭಿಮಾನಿಗಳಿಗೆ ತಲೆಬಿಸಿ ತಂದ ಹೆಜ್ಜೆಗಳೂ ಸೇರಿ.

ಊರಿನಿಂದಲೇ ಶುರು ಮಾಡೋಣ. ಇಂಗ್ಲೆಂಡಿನ ಉತ್ತರಕ್ಕೆ ಶೆಫೀಲ್ಡ್ ಇದೆ. ಉಕ್ಕಿಗೆ, ಚಾಕು ಚಮಚಗಳಿಗೆ ಹೆಸರಾದ ಕಾರ್ಖಾನೆಗಳ ಊರು. ಅದರ ಉತ್ತರದ ಅಂಚಿನ ಬಡಾವಣೆ ಹೈ ಗ್ರೀನ್. ಟರ್ನರ್, ಮ್ಯಾಟ್ ಹೆಲ್ಡರ್ಸ್, ಜೇಮೀ ಕುಕ್ ಅಲ್ಲೇ ಆಡಿ ಬೆಳೆದವರು. 2001ರ ಕ್ರಿಸ್‌ಮಸ್‌ಗೆ ಟರ್ನರ್ ಮತ್ತು ಕುಕ್ ಇಬ್ಬರೂ ಮನೆಯಲ್ಲಿ ಗಿಟಾರ್ ಕೇಳಿದರು. ಇಬ್ಬರಿಗೂ ಸಿಕ್ಕಿತು. ಟರ್ನರ್‌ಗೆ ಆಗ ಇನ್ನೂ 15. ಗೆಳೆಯ ಆ್ಯಂಡಿ ನಿಕೋಲ್ಸನ್ ಬಾಸ್ ಗಿಟಾರ್ ಹಿಡಿದ. ಉಳಿದಿದ್ದು ಡ್ರಮ್ ಒಂದೇ, ಹಾಗಾಗಿ ಅದು ಹೆಲ್ಡರ್ಸ್ ಪಾಲಿಗೆ ಬಂತು. ಬೇರೆ ಏನೂ ಉಳಿದಿರಲಿಲ್ಲ ಅಂತ ಡ್ರಮ್ ಮುಂದೆ ಕೂತ ಆ ಹುಡುಗನ ಕೈ ಎಂಥದ್ದು ಅಂತ ತಿಳಿಯಬೇಕಾದರೆ "ಬ್ರಯನ್‌ಸ್ಟಾರ್ಮ್" ಹಾಡಿನ ಮೊದಲ 20 ಸೆಕೆಂಡು ಕೇಳಿ. ಸಾಕು.

2002ರಲ್ಲಿ ಬ್ಯಾಂಡ್ ಕಟ್ಟಿದರು. ಟರ್ನರ್ ಮನೆಯ ಗ್ಯಾರೇಜಿನಲ್ಲಿ ತಾಲೀಮು. ಜನರೆದುರು ಮೊದಲ ಸಲ ನುಡಿಸಿದ್ದು 2003ರ ಜೂನ್ 13ರಂದು, ಶೆಫೀಲ್ಡಿನ ಟ್ರಿಪೆಟ್ ಲೇನ್‌ನಲ್ಲಿರುವ "ದ ಗ್ರೇಪ್ಸ್" ಅನ್ನುವ ಪಬ್ಬಿನಲ್ಲಿ. ಅಂದರೆ ಗಿಟಾರ್ ಕೈಗೆ ಸಿಕ್ಕ ಮೇಲೆ ಸುಮಾರು ಒಂದೂವರೆ ವರ್ಷ ಕಾದರು. ಅವಸರ ಮಾಡಲಿಲ್ಲ.

ಆ ದಿನಗಳಲ್ಲಿ ಟರ್ನರ್ "ಬೋರ್ಡ್‌ವಾಕ್" ಅನ್ನುವ ಜಾಗದಲ್ಲಿ ಬಾರ್ ಕೆಲಸ ಮಾಡುತ್ತಿದ್ದ. ಸಂಗೀತದ ಶೋಗಳು ನಡೆಯುವ ಜಾಗ ಅದು. ಕುಡಿಯಲು ಬಂದವರು, ಜಗಳಕ್ಕೆ ನಿಂತವರು, ಹುಡುಗಿಯರ ಮುಂದೆ ದೊಡ್ಡಸ್ತಿಕೆ ತೋರಿಸುವವರು, ವೇದಿಕೆ ಮೇಲೆ ಸೋತು ಹೋಗುವ ಬ್ಯಾಂಡುಗಳು, ಎಲ್ಲವೂ ಕಣ್ಣೆದುರಿಗೇ. ಕೌಂಟರಿನ ಹಿಂದೆ ನಿಂತವನಿಗೆ ಎಲ್ಲರೂ ಕಾಣುತ್ತಾರೆ, ಅವನು ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲೇ ಅವನು ಜಾನ್ ಕೂಪರ್ ಕ್ಲಾರ್ಕ್ ಅನ್ನುವ ಕವಿಯನ್ನೂ ಕಂಡ. ಮ್ಯಾಂಚೆಸ್ಟರ್ ಕಡೆಯವರು, ತೆಳ್ಳಗಿನ ಮನುಷ್ಯ, ವೇದಿಕೆ ಮೇಲೆ ನಿಂತು ಉಸಿರು ಬಿಡದ ಹಾಗೆ ಪಟಪಟ ಪದ್ಯ ಹೇಳುವವರು. ನಮ್ಮ ಕಡೆ ಮಾತಿನಲ್ಲೇ, ನಮ್ಮ ಬೀದಿ ಬಗ್ಗೆಯೇ ಹೀಗೆ ಪದ್ಯ ಕಟ್ಟಬಹುದು ಅನ್ನುವ ಧೈರ್ಯ ಆ ಹುಡುಗನಿಗೆ ಬಂದಿದ್ದು ಅವರಿಂದ. ಈ ಕವಿಯ ಹೆಸರು ನೆನಪಿಡಿ. ಮುಂದೆ ಮತ್ತೆ ಬರುತ್ತಾರೆ.

ಶೆಫೀಲ್ಡಿನ ಒಂದು ಪುಟ್ಟ ಸ್ಟುಡಿಯೋದಲ್ಲಿ ಅವರು ಒಂದಷ್ಟು ಹಾಡು ರೆಕಾರ್ಡ್ ಮಾಡಿಕೊಂಡರು. ಇವಕ್ಕೆ ಡೆಮೊ ಅನ್ನುತ್ತಾರೆ. ಸಾಮಾನ್ಯವಾಗಿ ಡೆಮೊ ಅಂದರೆ ಕಂಪನಿಗಳ ಬಾಗಿಲಿಗೆ ಒಯ್ದು ಕೊಡುವ ಮಾದರಿ. ಇವರು ಅದನ್ನು ಕೇಳಲು ಬಂದ ಜನಕ್ಕೇ ಕೊಟ್ಟರು. ಖಾಲಿ ಸಿಡಿಗಳಿಗೆ ಹಾಡು ಹಾಕಿ, ಶೋ ಮುಗಿದ ಮೇಲೆ ಸುಮ್ನೆ ಹಂಚುವುದು.

ಹಂಚಿದ ಸಿಡಿಗಳು ಕಮ್ಮಿ, ಕೇಳುವವರು ಜಾಸ್ತಿ. ಸಿಡಿ ಸಿಕ್ಕವರು ಮನೆಗೆ ಹೋಗಿ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ, ಇಂಟರ್‌ನೆಟ್‌ಗೆ ಹಾಕಿ, ಬೇರೆಯವರ ಜೊತೆ ಹಂಚಿಕೊಂಡರು. ಅಭಿಮಾನಿಗಳೇ ಆ ಕಂತೆಗೆ "ಬಿನೀತ್ ದ ಬೋರ್ಡ್‌ವಾಕ್" ಅಂತ ಹೆಸರಿಟ್ಟರು. ಮೈಸ್ಪೇಸ್ ಅನ್ನುವ ಆ ಕಾಲದ ಸೋಷಿಯಲ್ ಮೀಡಿಯಾ ತಾಣದಲ್ಲಿ ಅವರ ಹೆಸರಲ್ಲಿ ಪುಟ ಶುರು ಮಾಡಿದ್ದೂ ಅಭಿಮಾನಿಗಳೇ. "ಮೈಸ್ಪೇಸ್ ಬ್ಯಾಂಡ್" ಅಂತ ಪತ್ರಿಕೆಗಳು ಬರೆದವಲ್ಲ, ಆ ಪುಟ ಇರುವುದೇ ಬ್ಯಾಂಡಿನವರಿಗೆ ಗೊತ್ತಿರಲಿಲ್ಲ.

ಇದರ ಫಲ ಮೊದಲು ಕಂಡಿದ್ದು ಶೋಗಳಲ್ಲಿ. ಒಂದೂ ರೆಕಾರ್ಡ್ ಬಿಡದ ಬ್ಯಾಂಡ್ ಬೇರೆ ಊರಿಗೆ ಹೋದರೆ ಏನಾಗಬೇಕು? ಹತ್ತಿಪ್ಪತ್ತು ಜನ ಬಂದು, ಕೈ ಕಟ್ಟಿ ನಿಂತು ಕೇಳಬೇಕು. ಇಲ್ಲಿ ಹಾಗಾಗಲಿಲ್ಲ. ಜನ ತುಂಬಿದ್ದರು, ಪ್ರತಿ ಸಾಲೂ ಅವರ ಬಾಯಲ್ಲಿತ್ತು. ಹುಡುಗ ಮೈಕಿಗೆ ಬಾಯಿ ಕೊಡುವ ಮೊದಲೇ ಜನ ಹಾಡಲು ಶುರು ಮಾಡುತ್ತಿದ್ದರು. ಆ ಜನಕ್ಕೆ ಆ ಹಾಡು ಸ್ವಂತದ್ದಾಗಿತ್ತು. ನಾವೇ ಹುಡುಕಿದ್ದು, ನಾವೇ ಹಂಚಿದ್ದು, ರೇಡಿಯೋ ಹೇಳಿ ಕೇಳಿದ್ದಲ್ಲ. ನನ್ನ ಲೆಕ್ಕದಲ್ಲಿ ಆ ಒಗಟಿಗೆ ಇದೇ ಉತ್ತರ. ಬಿಟ್ಟಿ ಸಿಕ್ಕ ಹಾಡಿಗೆ ಜನ ದುಡ್ಡು ಕೊಡಲಿಲ್ಲ. ತಾವು ಬೆಳೆಸಿದ ಹುಡುಗರು ಗೆಲ್ಲಲಿ ಅಂತ ದುಡ್ಡು ಕೊಟ್ಟರು. ಊರ ಹುಡುಗ ಚುನಾವಣೆಗೆ ನಿಂತರೆ ಓಟು ಹಾಕಿದ ಹಾಗೆ.

ಇನ್ನು "ಇಂಡೀ" ಅನ್ನುವ ಮಾತು. ಇವತ್ತು ಅದನ್ನು ಒಂದು ಬಗೆಯ ಗಿಟಾರ್ ಸಂಗೀತಕ್ಕೆ ಹೆಸರಾಗಿ ಬಳಸುತ್ತಾರೆ. ಮೂಲದಲ್ಲಿ ಅದು ವ್ಯಾಪಾರದ ಮಾತು. ಇಂಡಿಪೆಂಡೆಂಟ್ ಅನ್ನುವುದರ ಮೊಟಕು ರೂಪ. ಸಂಗೀತದ ಮಾರುಕಟ್ಟೆಯನ್ನು ಬೆರಳೆಣಿಕೆಯ ದೊಡ್ಡ ಕಂಪನಿಗಳು ಆಳುತ್ತವೆ. ಅವುಗಳ ಕೈಕೆಳಗೆ ಇಲ್ಲದ ಸಣ್ಣ ಕಂಪನಿ ಇಂಡೀ ಲೇಬಲ್.

ವ್ಯತ್ಯಾಸ ಎಲ್ಲಿದೆ? ದೊಡ್ಡ ಕಂಪನಿ ಸಾಮಾನ್ಯವಾಗಿ ಕೈತುಂಬಾ ಮುಂಗಡ ಕೊಡುತ್ತದೆ. ಕೇಳಲು ಖುಷಿ. ಆದರೆ ಮುಂಗಡ ಅಂದರೆ ಬಹುಮಾನ ಅಲ್ಲ, ಒಂಥರಾ ಸಾಲ. ಹಾಡು ಮಾರಿ ಬಂದ ಪಾಲಿನಲ್ಲಿ ಅದು ತೀರುವ ತನಕ ಹುಡುಗರ ಕೈಗೆ ಕಾಸು ಬರುವುದಿಲ್ಲ. ರೆಕಾರ್ಡಿಂಗ್ ಖರ್ಚೂ ಎಷ್ಟೋ ಸಲ ಅದರಲ್ಲೇ ಸೇರುತ್ತದೆ. ರೆಕಾರ್ಡ್ ಆದ ಹಾಡಿನ ಒಡೆತನ ಹೆಚ್ಚಾಗಿ ಕಂಪನಿಯದು. ದುಡ್ಡು ಹಾಕಿದ ಮೇಲೆ ಮಾತು ನಡೆಸುವುದೂ ಸಹಜ ಅಲ್ವಾ? ಈ ಹಾಡು ಸ್ವಲ್ಪ ಬದಲಿಸಿ, ಆ ಸಾಲು ತೆಗೆಯಿರಿ, ಹೋದ ಸಲದಂಥದ್ದೇ ಇನ್ನೊಂದು ಮಾಡಿ. ಸಣ್ಣ ಲೇಬಲ್‌ಗಳಲ್ಲಿ ಮುಂಗಡ ಕಮ್ಮಿ. ಆದರೆ ಖರ್ಚು ಕಳೆದು ಉಳಿದಿದ್ದನ್ನು ಅರ್ಧರ್ಧ ಹಂಚಿಕೊಳ್ಳುವ ಪದ್ಧತಿ ಅಲ್ಲಿ ಬಹಳ ಕಡೆ ಇದೆ. ಹಾಡಿನ ವಿಚಾರಕ್ಕೆ ತಲೆ ಹಾಕುವುದೂ ಕಮ್ಮಿ.

ಆರ್ಕ್ಟಿಕ್ ಮಂಕೀಸ್ ಬಾಗಿಲಿಗೆ ಕಂಪನಿಗಳು ಸಾಲುಗಟ್ಟಿದ್ದವು. ಹಾಡು ಚೆನ್ನಾಗಿದೆ, ಆದರೆ ಇಲ್ಲೊಂಚೂರು ಬದಲಿಸಿ ಅನ್ನುವ ಮಾತುಗಳೂ ಬಂದವು. ಹುಡುಗರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪನಿಯವರು ಅಂತ ಶೋಗಳಿಗೆ ಬಿಟ್ಟಿ ಪಾಸ್ ಕೊಡುವುದನ್ನೂ ನಿಲ್ಲಿಸಿದರು. 2005ರ ಮೇನಲ್ಲಿ "ಬ್ಯಾಂಗ್ ಬ್ಯಾಂಗ್" ಅಂತ ತಮ್ಮದೇ ಲೇಬಲ್ ಹೆಸರಲ್ಲಿ ಮೊದಲ ರೆಕಾರ್ಡ್ ಬಿಟ್ಟರು. 500 ಸಿಡಿ, 1,000 ವಿನೈಲ್ ತಟ್ಟೆ (ಗ್ರಾಮಫೋನ್ ತಟ್ಟೆ), ಅಷ್ಟೇ. ಅದಾದ ಮೇಲೆ ಜೂನ್‌ನಲ್ಲಿ ಡಾಮಿನೋ ಅನ್ನುವ ಇಂಡೀ ಲೇಬಲ್ ಜೊತೆ ಸಹಿ ಹಾಕಿದರು. ಲಾರೆನ್ಸ್ ಬೆಲ್ 1993ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ ಕಂಪನಿ ಅದು. ತನಗೆ ಇಷ್ಟವಾದ ಸಂಗೀತವನ್ನು ಮಾತ್ರ ತರುವ ಮನುಷ್ಯ ಅಂತ ಅವರಿಗೆ ಹೆಸರಿತ್ತು. ಹಾಗಂತ ಡಾಮಿನೋ ಏನೂ ಕೈಲಾಗದ ಪುಟ್ಟ ಅಂಗಡಿಯೂ ಅಲ್ಲ. 2004ರಲ್ಲಿ ಅವರದೇ ಬ್ಯಾಂಡ್ ಫ್ರಾನ್ಜ್ ಫರ್ಡಿನಾಂಡ್, ವರ್ಷದ ಒಳ್ಳೆಯ ಆಲ್ಬಮ್ಮಿಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ ಗೆದ್ದಿತ್ತು. ದೇಶಪೂರ್ತಿ ಅಂಗಡಿಗಳಿಗೆ ರೆಕಾರ್ಡ್ ಮುಟ್ಟಿಸುವುದು ಹೇಗೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸ್ವಾತಂತ್ರ್ಯವೂ ಬೇಕು, ಮಾಲು ಅಂಗಡಿಗೂ ಮುಟ್ಟಬೇಕು. ಎರಡೂ ಸಿಗುವ ಜಾಗವನ್ನೇ ಹುಡುಗರು ಆರಿಸಿಕೊಂಡರು. 19ರ ವಯಸ್ಸಿನಲ್ಲಿ ಅಷ್ಟು ಯೋಚನೆ ಮಾಡಿದ್ದು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ಆ ಅಕ್ಟೋಬರ್ 17ಕ್ಕೆ "ಐ ಬೆಟ್ ಯು ಲುಕ್ ಗುಡ್ ಆನ್ ದ ಡಾನ್ಸ್‌ಫ್ಲೋರ್" ಬಂತು. ನೇರ ನಂಬರ್ ಒನ್. ಅದು ಹೇಗೆ ಅಂತ ತಿಳಿಯಲು ಬ್ರಿಟನ್ನಿನ ಚಾರ್ಟ್, ಅಂದರೆ ವಾರವಾರದ ಹಾಡುಗಳ ಪಟ್ಟಿಯ ಲೆಕ್ಕ ಗೊತ್ತಿರಬೇಕು. ಚಾರ್ಟ್ ಆಗ ಅಳೆಯುತ್ತಿದ್ದದ್ದು ಒಟ್ಟು ಮಾರಾಟವನ್ನಲ್ಲ, ಒಂದು ವಾರದ ಮಾರಾಟವನ್ನು. ವರ್ಷವಿಡೀ ನಿಧಾನವಾಗಿ ಲಕ್ಷ ಮಾರುವ ಹಾಡು ಚಾರ್ಟಿನಲ್ಲಿ ಕಾಣದೇ ಹೋಗಬಹುದು. ಒಂದೇ ವಾರದಲ್ಲಿ ಎಲ್ಲರೂ ಒಟ್ಟಿಗೆ ಕೊಂಡರೆ ಮೇಲಕ್ಕೆ ಜಿಗಿಯುತ್ತದೆ. ತಿಂಗಳುಗಟ್ಟಲೆ ಕಾದು ಕೂತ ಅಭಿಮಾನಿಗಳು ಇದ್ದರೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಮುಂದಿನ ಜನವರಿಯಲ್ಲಿ "ವೆನ್ ದ ಸನ್ ಗೋಸ್ ಡೌನ್" ಕೂಡ ನಂಬರ್ ಒನ್. ಅದರ ಬೆನ್ನಿಗೇ ಶುರುವಿನಲ್ಲಿ ಹೇಳಿದ ಆಲ್ಬಮ್.

"ವಾಟೆವರ್ ಪೀಪಲ್ ಸೇ ಐ ಆಮ್, ದಟ್ಸ್ ವಾಟ್ ಐಮ್ ನಾಟ್" ಅನ್ನುವುದು ಅದರ ಉದ್ದನೆಯ ಹೆಸರು. ಜನ ನನ್ನನ್ನು ಏನಂತಾರೋ ನಾನು ಅದಲ್ಲ ಅಂತ. ಆಲನ್ ಸಿಲ್ಲಿಟೋ ಅವರ ಕಾದಂಬರಿಯೊಂದರ ನಾಯಕ, ಕಾರ್ಖಾನೆಯಲ್ಲಿ ದುಡಿಯುವ ಯುವಕ, ಆಡುವ ಮಾತು ಅದು. ಮುಖಪುಟದ ಹುಡುಗ ಬ್ಯಾಂಡಿನವರ ಗೆಳೆಯ. ಕೈಗೆ ದುಡ್ಡು ಕೊಟ್ಟು, ರಾತ್ರಿಯೆಲ್ಲ ಮಜಾ ಮಾಡಿ ಬಾ ಅಂತ ಕಳಿಸಿ, ಬೆಳಗಿನ ಜಾವ ವಾಪಸ್ ಬಂದಾಗ ಫೋಟೋ ತೆಗೆದದ್ದು. ಒಳಗಿರುವ ಹಾಡುಗಳ ಕಥೆಯೂ ಅದೇ ತಾನೇ? ಶನಿವಾರ ಸಂಜೆ ಹೊರಟು, ನಸುಕಿನಲ್ಲಿ ಮನೆ ಸೇರುವ ತನಕ.

ಆ ರಾತ್ರಿಯ ಹೊತ್ತು ಹೊತ್ತಿನ ಲೆಕ್ಕ ಆ ಆಲ್ಬಮ್ಮಿನಲ್ಲಿದೆ. ಕ್ಲಬ್ಬಿನ ಬಾಗಿಲಲ್ಲಿ ಒಳಗೆ ಬಿಡದ ದಾಂಡಿಗ. ಬಾಡಿಗೆ ಕಾರಿಗೆ ಸಾಲು, ಹತ್ತಿದ ಮೇಲೆ ಡ್ರೈವರ್ ಜೊತೆ ಕಿತ್ತಾಟ. ಪೊಲೀಸ್ ವ್ಯಾನ್. ಶೆಫೀಲ್ಡಿನ ಪಕ್ಕದ ಊರಲ್ಲೇ ಹುಟ್ಟಿ ಬೆಳೆದು, ಅಮೆರಿಕದವರ ಹಾಗೆ ನಟಿಸುವ ಬ್ಯಾಂಡ್. ಈ ಕೊನೆಯದು ಮುಖ್ಯ. ಆಗ ಬ್ರಿಟನ್ನಿನ ಎಷ್ಟೋ ಹುಡುಗರು ನ್ಯೂಯಾರ್ಕಿನ ದ ಸ್ಟ್ರೋಕ್ಸ್ ಬ್ಯಾಂಡಿನ ಹಾಗೆ ಆಗಲು ಹೊರಟಿದ್ದರು. ಟರ್ನರ್‌ಗೂ ಅವರೆಂದರೆ ಪ್ರಾಣ. ಆದರೂ ಅವನು ಹಾಡುವಾಗ ಶೆಫೀಲ್ಡ್ ಉಚ್ಚಾರಣೆ ಬಿಡಲಿಲ್ಲ.

"ಮಾರ್ಡಿ ಬಮ್" ಅಂತ ಒಂದು ಹಾಡಿದೆ. ಮೊದಲ ಸಲ ಕೇಳಿದಾಗ ಆ ಮಾರ್ಡಿ ಅಂದರೆ ಏನಂತ ನನಗೆ ತಿಳಿಯಲೇ ಇಲ್ಲ. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಕೈಕೊಟ್ಟಿತು. ಆಮೇಲೆ ಗೊತ್ತಾಯಿತು, ಅದು ಯಾರ್ಕ್‌ಷೈರ್ ಮತ್ತು ಮಿಡ್‌ಲ್ಯಾಂಡ್ಸ್ ಕಡೆಯ ಮನೆಮಾತು. ಸಣ್ಣದಕ್ಕೆಲ್ಲ ಮೂತಿ ಊದಿಸಿಕೊಂಡು ಕೂರುವವರಿಗೆ ಹಾಗನ್ನುತ್ತಾರೆ. ಹುಡುಗಿ ಮುನಿಸಿಕೊಂಡಿದ್ದಾಳೆ, ಹುಡುಗ ತಡವಾಗಿ ಬಂದಿದ್ದಾನೆ, ಅಡುಗೆಮನೆಯಲ್ಲಿ ಇಬ್ಬರೂ ಜಗಳವಿಲ್ಲದೆ ನಕ್ಕ ದಿನ ನೆನೆಯುತ್ತಾನೆ. ಇಷ್ಟೇ ಹಾಡು. ಲಂಡನ್ನಿನ ಯಾವ ಕಂಪನಿಯಾದರೂ ಈ ಪದ ಬೇರೆ ಕಡೆಯವರಿಗೆ ಅರ್ಥವಾಗಲ್ಲ, ಬದಲಿಸಿ ಅನ್ನಬಹುದಿತ್ತು. ಆ ಪದ ಬದಲಿಸಿದರೆ ಹಾಡಿನ ಜೀವವೇ ಹೋಗುತ್ತದೆ. ಹಿಡಿತ ಅಂತ ನಾನು ಹೇಳುವುದು ಇಂಥದ್ದನ್ನೇ. ಅದು ಬರೀ ದುಡ್ಡಿನ ಮಾತಲ್ಲ. ಒಂದು ಪದ ಉಳಿಸಿಕೊಳ್ಳುವ ಮಾತು.

2006ರ ಮರ್ಕ್ಯುರಿ ಪ್ರಶಸ್ತಿಯೂ ಅವರಿಗೇ ಬಂತು. ಅಲ್ಲಿಂದ ಮುಂದೆ ತೊಂದರೆ ಶುರು. ನಿಕೋಲ್ಸನ್‌ಗೆ ಬೆನ್ನುಬೆನ್ನಿಗೆ ಬಂದ ಪ್ರವಾಸಗಳು ಸಾಕಾಗಿ ಹೋದವು. ಅಮೆರಿಕ ಪ್ರವಾಸಕ್ಕೆ ಹೋಗಲಿಲ್ಲ, ಆ ಬೇಸಿಗೆಯಲ್ಲಿ ಬ್ಯಾಂಡಿನಿಂದ ಹೊರಬಿದ್ದ. ಅವನ ಜಾಗಕ್ಕೆ ಊರಿನ ಇನ್ನೊಬ್ಬ ಗೆಳೆಯ ನಿಕ್ ಓಮ್ಯಾಲಿ ಬಂದ. ತಾತ್ಕಾಲಿಕ ಅಂತ ಬಂದವನು ಇವತ್ತಿಗೂ ಇದ್ದಾನೆ. ಹದಿಹರೆಯದಲ್ಲಿ ಕಟ್ಟಿದ ಬ್ಯಾಂಡಿಗೆ ಹೆಸರು ಒಮ್ಮೆಲೇ ಬಂದರೆ ಅದರ ಭಾರ ಎಲ್ಲರ ಹೆಗಲೂ ತಡೆಯುವುದಿಲ್ಲ. ಅದು ಯಾರ ತಪ್ಪೂ ಅಲ್ಲ. ಆದರೂ ಆ ಮೊದಲ ಹಾಡುಗಳ ಬಾಸ್ ಕೇಳುವಾಗ ನನಗೆ ನಿಕೋಲ್ಸನ್ ನೆನಪಾಗುತ್ತಾನೆ.

ಅದೇ ಏಪ್ರಿಲ್‌ನಲ್ಲಿ ಐದು ಹಾಡುಗಳ ಒಂದು ರೆಕಾರ್ಡ್ ಬಿಟ್ಟಿದ್ದರು. ಹೆಸರಲ್ಲೇ ಬೈಗುಳ ಇತ್ತು, ರೇಡಿಯೋದವರು ಹೆಸರು ಹೇಳುವ ಹಾಗೂ ಇರಲಿಲ್ಲ. ಐದು ಹಾಡು ಇದ್ದದ್ದರಿಂದ ಸಿಂಗಲ್ಸ್ (ಬಿಡಿ ಹಾಡುಗಳ) ಚಾರ್ಟಿಗೂ ಸೇರಲಿಲ್ಲ, ಆಲ್ಬಮ್ ಚಾರ್ಟಿಗೂ ಸೇರಲಿಲ್ಲ. ಎರಡು ನಂಬರ್ ಒನ್ ಕೈಯಲ್ಲಿರುವ ಬ್ಯಾಂಡ್ ಮೂರನೆಯದಕ್ಕೆ ಆಸೆ ಪಡದೆ ಹೀಗೆ ಮಾಡಿದರೆ, ಅದಕ್ಕೆ ಹೂಂ ಅನ್ನುವ ಲೇಬಲ್ ಜೊತೆಗಿರಬೇಕು.

2007ರ ಏಪ್ರಿಲ್‌ನಲ್ಲಿ ಬಂದ ಎರಡನೇ ಆಲ್ಬಮ್ "ಫೇವರಿಟ್ ವರ್ಸ್ಟ್ ನೈಟ್‌ಮೇರ್". ಆ ವರ್ಷದ ಶುರುವಿನಿಂದ ಚಾರ್ಟಿನ ನಿಯಮ ಬದಲಾಗಿತ್ತು. ಅಂಗಡಿಗೆ ಬಾರದ ಹಾಡಿನ ಡೌನ್‌ಲೋಡ್ ಕೂಡ ಲೆಕ್ಕಕ್ಕೆ ಸೇರುತ್ತಿತ್ತು. ಹಾಗಾಗಿ ಆಲ್ಬಮ್ಮಿನ 12 ಹಾಡುಗಳೂ ಮೊದಲ 200ರ ಪಟ್ಟಿಗೆ ಬಂದವು. ಅದೇ ಜೂನ್‌ನಲ್ಲಿ ಇಂಗ್ಲೆಂಡಿನ ದೊಡ್ಡ ಸಂಗೀತೋತ್ಸವ ಗ್ಲಾಸ್ಟನ್‌ಬರಿಯ ಶುಕ್ರವಾರ ರಾತ್ರಿಯ ಮುಖ್ಯ ಬ್ಯಾಂಡ್ ಇವರೇ. ಟರ್ನರ್‌ಗೆ ಆಗ 21.

ಇಲ್ಲಿಂದ ಇವರ ಕಥೆ ನಿಜಕ್ಕೂ ಜಟಿಲವಾಗುತ್ತದೆ. ಯೋಚನೆ ಮಾಡಿ ನೋಡಿ. ಇವನ ಕಸುಬು ನೋಡುವುದು. ಕೌಂಟರಿನ ಹಿಂದೆ, ಕಾರಿಗೆ ಕಾಯುವ ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳದೆ ನಿಂತು ನೋಡುವುದು. ಈಗ ಅವನು ಆ ಸಾಲಿನಲ್ಲಿ ನಿಂತರೆ ಎಲ್ಲರೂ ಅವನನ್ನೇ ನೋಡುತ್ತಾರೆ. ಬೀದಿ ಮೊದಲಿನಂತೆ ಇರುವುದಿಲ್ಲ. ಮೊದಲ ಆಲ್ಬಮ್ಮಿನಂಥದ್ದೇ ಇನ್ನೊಂದು ಬರೆಯಬೇಕಾದರೆ ಸುಳ್ಳು ಹೇಳಬೇಕು. ಎಷ್ಟೋ ಬ್ಯಾಂಡುಗಳು ಇಲ್ಲೇ ಮುಗ್ಗರಿಸುತ್ತವೆ. ಹತ್ತೊಂಬತ್ತರಲ್ಲಿ ಗೆದ್ದ ದನಿಯನ್ನೇ ಮೂವತ್ತರಲ್ಲೂ ನಟಿಸುತ್ತಾ ಇರುತ್ತವೆ. ಟರ್ನರ್ ಮತ್ತು ಗೆಳೆಯರು ಹಾಗೆ ಮಾಡಲಿಲ್ಲ. ಹಾಗೆ ಮಾಡಿ ಅಂತ ಒತ್ತಾಯಿಸುವ ಅಧಿಕಾರವನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ.

ಮೂರನೇ ಆಲ್ಬಮ್ "ಹಂಬಗ್" ಬಂದಿದ್ದು 2009ರ ಆಗಸ್ಟಿನಲ್ಲಿ. ಕ್ವೀನ್ಸ್ ಆಫ್ ದ ಸ್ಟೋನ್ ಏಜ್ ಬ್ಯಾಂಡಿನ ಜಾಶ್ ಹೋಮ್ ಜೊತೆ ಸೇರಿ, ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಮರುಭೂಮಿಯಲ್ಲಿ ಅದರ ಒಂದಷ್ಟು ಕೆಲಸ ನಡೆಯಿತು. ಹಾಡುಗಳು ನಿಧಾನವಾದವು, ಗಿಟಾರ್ ಭಾರವಾಯಿತು. ಬಾಡಿಗೆ ಕಾರು, ಕ್ಲಬ್ಬಿನ ಬಾಗಿಲು ಎಲ್ಲ ಮಾಯ. ಅವುಗಳ ಜಾಗಕ್ಕೆ ಕನಸಿನಂಥ, ಸ್ವಲ್ಪ ಭಯ ಹುಟ್ಟಿಸುವ ಚಿತ್ರಗಳು ಬಂದವು. ಕುಣಿಯಲು ಬಂದವರಿಗೆ ಇದು ರುಚಿಸಲಿಲ್ಲ. ನನಗೆ ಕೇಳಿದರೆ ಇವರ ಇಡೀ ನಡೆಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದ ತಿರುವು. ಜನ ಮುನಿಸಿಕೊಂಡರೂ ಪರವಾಗಿಲ್ಲ, ಬೆಳೆಯುವುದನ್ನು ನಿಲ್ಲಿಸಲ್ಲ ಅಂತ ಅವರು ಮೊದಲ ಸಲ ತೋರಿಸಿದ್ದು ಇಲ್ಲೇ. ಅದರಲ್ಲಿನ "ಕಾರ್ನರ್‌ಸ್ಟೋನ್" ಕೇಳಿ. ಬಿಟ್ಟುಹೋದವಳನ್ನು ಒಂದೊಂದು ಪಬ್ಬಿನಲ್ಲೂ ಬೇರೆ ಬೇರೆ ಮುಖಗಳಲ್ಲಿ ಕಾಣುವವನ ಹಾಡು. ಹಳೆಯ ಕಣ್ಣು ಅಲ್ಲೇ ಇದೆ. ನೋಟ ಮಾತ್ರ ಒಳಕ್ಕೆ ತಿರುಗಿದೆ.

2011ರ "ಸಕ್ ಇಟ್ ಆ್ಯಂಡ್ ಸೀ" ಹಗುರವಾದ, ಇಂಪಾದ ಆಲ್ಬಮ್. 2012ರ ಜುಲೈನಲ್ಲಿ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನುಡಿಸಿದರು. ಕೂದಲು ಮೇಲಕ್ಕೆ ಬಾಚಿದ ಟರ್ನರ್‌ನನ್ನು ಲೋಕವೆಲ್ಲ ಕಂಡಿತು.

ಆಮೇಲೆ ಬಂತು "ಎಎಂ", 2013ರ ಸೆಪ್ಟೆಂಬರ್. ಭಾರತದಲ್ಲೂ ಎಷ್ಟೋ ಜನ ಇವರನ್ನು ಮೊದಲು ಕೇಳಿದ್ದು ಈ ಆಲ್ಬಮ್ಮಿನಿಂದಲೇ. "ಡು ಐ ವಾನಾ ನೋ" ಹಾಡಿನ ಶುರುವನ್ನು ಹತ್ತಿರದಿಂದ ಕೇಳೋಣ. ಮೊದಲು ಕಾಲಿನಿಂದ ನೆಲ ಕುಟ್ಟಿದಂಥ ಪೆಟ್ಟು, ಅದಕ್ಕೆ ಎದುರಾಗಿ ಚಪ್ಪಾಳೆ. ನಿಮಿಷಕ್ಕೆ 85 ಪೆಟ್ಟು, ಆರಾಮಾಗಿ ನಡೆಯುವ ಹೆಜ್ಜೆಗಿಂತಲೂ ನಿಧಾನ. ಅದರ ಮೇಲೆ ಆ ಗಿಟಾರ್ ಸ್ವರ, ಹಾವಿನ ಹಾಗೆ. ಟರ್ನರ್ ಪದಗಳನ್ನು ಪೆಟ್ಟಿನ ಹಿಂದೆ ಮುಂದೆ ತಳ್ಳುತ್ತಾ, ಮಾತಾಡಿದ ಹಾಗೆ ಹಾಡುತ್ತಾನೆ. ಹಿಂದೆ ಹೆಲ್ಡರ್ಸ್ ಮತ್ತು ಓಮ್ಯಾಲಿ ತೆಳುವಾದ, ಎತ್ತರದ ದನಿಯಲ್ಲಿ ಸೇರಿಕೊಳ್ಳುತ್ತಾರೆ. ತಾಳ ಹಿಪ್ ಹಾಪ್‌ನದು, ಗಿಟಾರ್ 70ರ ದಶಕದ ರಾಕ್‌ನದು, ಹಿಂದಿನ ದನಿಗಳು ಅಮೆರಿಕದ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಗುಂಪುಗಳ ಹಾಗೆ. ಗಿಟಾರ್ ಬ್ಯಾಂಡುಗಳ ಕಾಲ ಮುಗಿಯಿತು ಅಂತ ಜನ ಅನ್ನುತ್ತಿದ್ದಾಗ ಇವರು ಆ ಗಿಟಾರನ್ನು ಹೊಸ ತಾಳಕ್ಕೆ ಕೂರಿಸಿದರು.

ನೋಡುವವನ ತೊಡಕಿಗೂ ಇಲ್ಲಿ ಒಂದು ದಾರಿ ಸಿಕ್ಕಿತು. ಈ ಆಲ್ಬಮ್ ಹೆಚ್ಚುಕಮ್ಮಿ ಎಲ್ಲವೂ ನಡುರಾತ್ರಿ ದಾಟಿದ ಮೇಲಿನದು. ಕೈಯಲ್ಲಿ ಫೋನ್, ಮಾಡಲೋ ಬೇಡವೋ ಅನ್ನುವ ತುಯ್ದಾಟ. ಯಾವ ಊರೂ ಇಲ್ಲ, ಯಾವ ಬೀದಿಯೂ ಇಲ್ಲ. ಹೆಸರಾದವನಿಗೂ ಹೆಸರಿಲ್ಲದವನಿಗೂ ಆ ಹೊತ್ತಿನಲ್ಲಿ ಆಗುವುದು ಒಂದೇ. ಶೆಫೀಲ್ಡ್ ಗೊತ್ತಿಲ್ಲದವರಿಗೂ ಈ ಹಾಡುಗಳು ಮುಟ್ಟಿದ್ದು ಅದಕ್ಕೇ. ಇದರೊಂದಿಗೆ, ಇಂಡೀ ಲೇಬಲ್ಲಿನಲ್ಲಿದ್ದುಕೊಂಡು ಮೊದಲ ಐದಕ್ಕೆ ಐದೂ ಆಲ್ಬಮ್‌ಗಳನ್ನು ಬ್ರಿಟನ್ನಿನಲ್ಲಿ ನಂಬರ್ ಒನ್ ಮಾಡಿದ ಮೊದಲ ಬ್ಯಾಂಡ್ ಆದರು. 2014ರ ಬ್ರಿಟ್ ಪ್ರಶಸ್ತಿಗಳಲ್ಲಿ ವರ್ಷದ ಬ್ಯಾಂಡ್, ವರ್ಷದ ಆಲ್ಬಮ್ ಎರಡನ್ನೂ ಗೆದ್ದರು.

ಈಗ ಸುಲಭದ ದಾರಿ ಎದುರಿಗಿತ್ತು. "ಎಎಂ" ತರಹದ್ದೇ ಇನ್ನೊಂದು ಮಾಡಿದರೆ ಕ್ರೀಡಾಂಗಣಗಳು ತುಂಬುತ್ತಿದ್ದವು. ಇವರು ಐದು ವರ್ಷ ಆಲ್ಬಮ್ಮೇ ಬಿಡಲಿಲ್ಲ. ಟರ್ನರ್‌ನ 30ನೇ ಹುಟ್ಟುಹಬ್ಬಕ್ಕೆ ಬ್ಯಾಂಡಿನ ಮ್ಯಾನೇಜರ್ ಒಂದು ಸ್ಟೈನ್‌ವೇ ಪಿಯಾನೋ ಉಡುಗೊರೆ ಕೊಟ್ಟಿದ್ದರು. ಅದರ ಮುಂದೆ ಕೂತು ಟರ್ನರ್ ಬೇರೆಯೇ ಲೋಕ ಕಟ್ಟಿದ. 2018ರ ಮೇನಲ್ಲಿ ಬಂದ "ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಆ್ಯಂಡ್ ಕ್ಯಾಸಿನೊ" ಚಂದ್ರನ ಮೇಲಿನ ಒಂದು ಹೋಟೆಲಿನ ಸುತ್ತ ಹೆಣೆದದ್ದು. ಟ್ರಾಂಕ್ವಿಲಿಟಿ ಬೇಸ್ ಅಂದರೆ 1969ರಲ್ಲಿ ಅಪೊಲೊ 11 ಇಳಿದ ಜಾಗ. ಎದ್ದು ಕುಣಿಸುವ ಗಿಟಾರ್ ಇಲ್ಲ. ಒಬ್ಬ ಹೋಟೆಲ್ ಹಾಡುಗಾರ ಪಿಯಾನೋ ನುಡಿಸುತ್ತಾ ಭೂಮಿಯ ಗದ್ದಲವನ್ನು ದೂರದಿಂದ ನೋಡುತ್ತಿದ್ದಾನೆ.

ಎಷ್ಟೋ ಅಭಿಮಾನಿಗಳಿಗೆ ಇದು ಏಟು ಕೊಟ್ಟಿತು. ನನಗೂ ಮೊದಲ ನಾಲ್ಕೈದು ಸಲ ಹಿಡಿಸಲಿಲ್ಲ. ಆಮೇಲೆ ಹೊಳೆಯಿತು. ಬೋರ್ಡ್‌ವಾಕ್‌ನ ಕೌಂಟರಿನ ಹಿಂದೆ ನಿಂತು ಯಾರ ಕಣ್ಣಿಗೂ ಬೀಳದೆ ಎಲ್ಲರನ್ನೂ ನೋಡುತ್ತಿದ್ದ ಹುಡುಗನೇ ಇವನು. ಈ ಭೂಮಿ ಮೇಲೆ ಅಂಥ ಜಾಗ ಅವನಿಗೆ ಎಲ್ಲೂ ಉಳಿದಿರಲಿಲ್ಲ. ಚಂದ್ರನ ಮೇಲೆ ಹೋಗಿ ಕೂತ. ಆ ಆಲ್ಬಮ್ಮೂ ನಂಬರ್ ಒನ್ ಆಯಿತು. ಮೊದಲ ವಾರವೇ ಸುಮಾರು 24,500 ತಟ್ಟೆಗಳು ಮಾರಾಟವಾದವು. ಬ್ರಿಟನ್ನಿನಲ್ಲಿ 25 ವರ್ಷಗಳಲ್ಲಿ ಯಾವ ಆಲ್ಬಮ್ಮಿನ ತಟ್ಟೆಯೂ ಅಷ್ಟು ಬೇಗ ಹೋಗಿರಲಿಲ್ಲ.

2022ರ ಅಕ್ಟೋಬರಿನಲ್ಲಿ ಏಳನೆಯದು, "ದ ಕಾರ್". ವಯೊಲಿನ್‌ಗಳ ಅಲೆ, ಸಿನಿಮಾ ಶೂಟಿಂಗ್ ಮುಗಿದು ದೀಪ ಆರಿಸುವ ಹೊತ್ತಿನ ಬೇಸರ. ಅದೇ ವಾರ ಟೇಲರ್ ಸ್ವಿಫ್ಟ್ ಆಲ್ಬಮ್ಮೂ ಬಂದಿತ್ತು. ಇವರದು ಎರಡನೇ ಸ್ಥಾನಕ್ಕೆ ನಿಂತಿತು. ಆರು ಆಲ್ಬಮ್‌ಗಳ ಓಟ ಅಲ್ಲಿಗೆ ನಿಂತಿತು.

ಇಷ್ಟು ಹೊತ್ತಿಗೆ ಇನ್ನೊಂದು ಕಡೆ ಬೇರೆಯೇ ನಡೆಯುತ್ತಿತ್ತು. "ಎಎಂ" ಆಲ್ಬಮ್ಮಿನ ಕಟ್ಟಕಡೆಯ ಹಾಡು "ಐ ವಾನಾ ಬಿ ಯುವರ್ಸ್". ಅದನ್ನು ಅವರು ಬೇರೆಯಾಗಿ ಬಿಡುಗಡೆಯನ್ನೇ ಮಾಡಿರಲಿಲ್ಲ. ವರ್ಷಗಳ ಮೇಲೆ ಟಿಕ್‌ಟಾಕ್‌ನಲ್ಲಿ ಹದಿಹರೆಯದವರು ಅದನ್ನು ಎತ್ತಿಕೊಂಡರು. ಸ್ಪಾಟಿಫೈನಲ್ಲಿ ಅದು 100 ಕೋಟಿ ಸಲಕ್ಕೂ ಹೆಚ್ಚು ಓಡಿದೆ. ಒಂದು ವಾರದ ಮಾರಾಟದ ಆಟ ಇಲ್ಲಿ ನಡೆಯುವುದಿಲ್ಲ. ಸ್ಟ್ರೀಮಿಂಗ್‌ನಲ್ಲಿ ಹಾಡಿಗೆ ವಯಸ್ಸಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಹತ್ತು ವರ್ಷದ ಮೇಲೂ ಮೇಲೇಳುತ್ತದೆ. ಒಂದು ಲೆಕ್ಕದಲ್ಲಿ ಇದೂ ಆ ಸಿಡಿಗಳ ಕಥೆಯೇ. ಯಾರೂ ಹೇಳಿಕೊಡದೆ ಹುಡುಗ ಹುಡುಗಿಯರು ತಾವೇ ಹುಡುಕಿ ಹಂಚಿಕೊಂಡಿದ್ದು.

ಆ ಹಾಡಿನ ಸಾಲುಗಳು ಬಹುಪಾಲು ಟರ್ನರ್‌ದಲ್ಲ. ಜಾನ್ ಕೂಪರ್ ಕ್ಲಾರ್ಕ್ 1982ರ ತಮ್ಮ ಆಲ್ಬಮ್ಮಿನಲ್ಲಿ ಹೇಳಿದ ಪದ್ಯ ಅದು. ಅದೇ ತೆಳ್ಳಗಿನ ಕವಿ. ಪ್ರೀತಿಯನ್ನು ಮನೆಬಳಕೆಯ ಸಾಮಾನಿಗೆ ಹೋಲಿಸಿ ಹೇಳುವ, ನಗು ಬರಿಸುತ್ತಲೇ ಗಂಟಲು ಬಿಗಿಸುವ ಪದ್ಯ. ಟರ್ನರ್ ಅದನ್ನು ನಿಧಾನ ಮಾಡಿ, ಹಗುರ ರಾಗ ಕೊಟ್ಟು, ತನ್ನದೂ ಒಂದೆರಡು ಸಾಲು ಸೇರಿಸಿ ಹಾಡಿದ.

2023ರ ಜೂನ್‌ನಲ್ಲಿ ಅವರು ಶೆಫೀಲ್ಡಿನ ಹಿಲ್ಸ್‌ಬರೋ ಪಾರ್ಕಿನಲ್ಲಿ ಎರಡು ದಿನ ನುಡಿಸಿದರು. ಎರಡು ವಾರ ಕಳೆದು ಮೂರನೇ ಸಲ ಗ್ಲಾಸ್ಟನ್‌ಬರಿಯ ಮುಖ್ಯ ವೇದಿಕೆ. ಅದಕ್ಕೆ ಮೂರು ದಿನ ಮುಂಚೆ ಟರ್ನರ್‌ಗೆ ಗಂಟಲು ಕೈಕೊಟ್ಟು ಡಬ್ಲಿನ್ ಶೋ ರದ್ದಾಗಿತ್ತು. ಬರುತ್ತಾರೋ ಇಲ್ಲವೋ ಅಂತ ಎಲ್ಲರಿಗೂ ಆತಂಕ. ಬಂದರು. ಶುರು ಮಾಡಿದ್ದು "ದ ಕಾರ್" ಆಲ್ಬಮ್ಮಿನ ನಿಧಾನದ ಹಾಡಿನಿಂದ. ನಡುವೆ "ಮಾರ್ಡಿ ಬಮ್" ಬಂತು, ಮೊದಲಿನ ಅವಸರ ಇಲ್ಲದೆ, 37ರ ದನಿಯಲ್ಲಿ. ಎಲ್ಲ ಮುಗಿಸಿ ಒಳಗೆ ಹೋದವರು ಮತ್ತೆ ವೇದಿಕೆಗೆ ಬಂದಾಗ ಮೊದಲು ಎತ್ತಿಕೊಂಡಿದ್ದು ಕ್ಲಾರ್ಕ್ ಅವರ ಆ ಪದ್ಯವನ್ನು.